ಹಳೆ ಪಿಕಪ್ ಎಂಜಿನ್‌ನಲ್ಲಿ ಟಿಕ್ ಟಿಕ್ ಸದ್ದು: ಬಿಚ್ಚೋ ಮೊದಲು ಏನೇನು ನೋಡಬೇಕು?

ಇಂಡಿ_ಲಿಂಬಿ (ವಿಜಯಪುರ ಜಿಲ್ಲೆ)

ಗಾಡಿ 2009ರ ಪಿಕಪ್. ನಾಲ್ಕು ಸಿಲಿಂಡರ್ ಟರ್ಬೊ ಡೀಸೆಲ್, ಡೀಸೆಲ್ ಹೊಡಿಯೋ ಪಂಪ್ ಮೆಕ್ಯಾನಿಕಲ್, ಕಂಪ್ಯೂಟರ್ ನಡಸೋ ಕಾಮನ್ ರೈಲ್ ಅಲ್ಲ. ಮೀಟರ್ 2.4 ಲಕ್ಷ ಕಿ.ಮೀ. ತೋರಸ್ತದ. ಮುಂಜಾನೆ ಸ್ಟಾರ್ಟ್ ಮಾಡಿದ ಕೂಡ್ಲೆ ಟಿಕ್ ಟಿಕ್ ಅಂತ ಜೋರ್ ಸದ್ದು. ಎಂಜಿನ್ ಕಾಯ್ದ ಮ್ಯಾಲ ಕಡಿಮಿ ಆಗ್ತದ, ಆದ್ರ ಪೂರ್ತಿ ಹೋಗಂಗಿಲ್ಲ. ರೇಸ್ ಕೊಟ್ಟಂಗೆಲ್ಲ ಸದ್ದೂ ಜಲ್ದಿ ಆಗ್ತದ. ಲಿಂಬಿ ಚೀಲ ಹೇರಿ ಏರು ಹತ್ತುವಾಗ ಇನ್ನೂ ಖಡಕ್ ಕೇಳ್ತದ. ಆಯಿಲ್ ಲೆವೆಲ್ ಸರಿ ಅದ, ಆಯಿಲ್ ದೀಪ ಹತ್ತಂಗಿಲ್ಲ. ಒಬ್ಬ ಮೇಸ್ತ್ರಿ ಟ್ಯಾಪೆಟ್ (ವಾಲ್ವ್ ಒತ್ತೋ ಭಾಗದ ಗ್ಯಾಪ್) ಟೈಟ್ ಮಾಡಿದ್ರ ಮುಗೀತು ಅಂತಾರ, ಇನ್ನೊಬ್ಬರು ನಾಝಲ್ (ಸಿಲಿಂಡರಿಗೆ ಡೀಸೆಲ್ ಚಿಮ್ಮಸೋದು) ಅಂತಾರ. ರೊಕ್ಕ ಕೊಟ್ಟು ಬಿಚ್ಚಸೋಕಿಂತ ಮೊದಲ ಸದ್ದು ಎಲ್ಲಿಂದ ಬರ್ತದ ಅಂತ ಗೊತ್ತು ಮಾಡ್ಕೊಳ್ಳೋದು ಹೆಂಗ?

ಉದ್ಯಮಬಾಗ್_ಬೋರಿಂಗ್ (ಬೆಳಗಾವಿ)

ಪಾನಾ ಮುಟ್ಟುವ ಮೊದಲು ಸದ್ದಿನ ವೇಗ ಎಣಿಸಿ. ಕ್ರ್ಯಾಂಕ್ (ಪಿಸ್ಟನ್‌ಗಳು ತಿರುಗಿಸುವ ದಂಡ) ಎರಡು ಸುತ್ತು ತಿರುಗಿದರೆ ಕ್ಯಾಮ್ (ವಾಲ್ವ್ ತೆರೆಸುವ ದಂಡ) ಒಂದೇ ಸುತ್ತು. ಐಡಲಿಂಗ್ (ರೇಸ್ ಕೊಡದೆ ಓಡುವ ವೇಗ) 800 ಆರ್‌ಪಿಎಂ, ಅಂದರೆ ನಿಮಿಷಕ್ಕೆ 800 ಸುತ್ತು ಇದ್ದರೆ ಒಂದು ವಾಲ್ವ್ ನಿಮಿಷಕ್ಕೆ 400 ಸಲ, ಅಂದರೆ ಸೆಕೆಂಡಿಗೆ ಆರೇಳು ಸಲ ಬಡಿಯುತ್ತದೆ. ಕ್ರ್ಯಾಂಕ್ ಜೊತೆ ತಿರುಗುವ ಪುಲ್ಲಿ, ಫ್ಲೈವೀಲ್‌ಗಳ ಸದ್ದು ಅದರ ಇಮ್ಮಡಿ.

ಕಿವಿಯಿಂದ ಇಷ್ಟು ವೇಗದ ಬಡಿತ ಎಣಿಸಲು ಆಗುವುದಿಲ್ಲ. ಮೊಬೈಲ್‌ನಲ್ಲಿ ವಿಡಿಯೊ ಮಾಡಿ, ಕಾಲು ಪಟ್ಟು ವೇಗದಲ್ಲಿ ಕೇಳಿ. ಹತ್ತು ಸೆಕೆಂಡಿನಲ್ಲಿ 17ರ ಹತ್ತಿರ ಬಂದರೆ ಕ್ಯಾಮ್ ವೇಗ, 33ರ ಹತ್ತಿರ ಬಂದರೆ ಕ್ರ್ಯಾಂಕ್ ವೇಗ. ಎರಡು ವಾಲ್ವ್ ಸಡಿಲಿದ್ದರೂ 33 ಬರಬಹುದು, ಆದರೆ ಆಗ ಬಡಿತಗಳ ನಡುವಿನ ಅಂತರ ಸಾಮಾನ್ಯವಾಗಿ ಸಮ ಇರುವುದಿಲ್ಲ.

ಆರ್‌ಪಿಎಂ ಮೀಟರ್ ಇಲ್ಲದಿದ್ದರೆ ಇನ್ನೂ ಸುಲಭದ ದಾರಿ ಇದೆ. ಮೆಕ್ಯಾನಿಕಲ್ ಪಂಪ್‌ನಿಂದ ನಾಝಲ್‌ಗೆ ಹೋಗುವ ಉಕ್ಕಿನ ಪೈಪನ್ನು ಎರಡು ಬೆರಳಿನಿಂದ ಹಗುರವಾಗಿ ಹಿಡಿಯಿರಿ (ಪೈಪ್ ಎಲ್ಲೂ ಸೋರುತ್ತಿರಬಾರದು). ಪ್ರತಿ ಇಂಜೆಕ್ಷನ್‌ಗೂ ನಾಡಿ ಮಿಡಿದ ಹಾಗೆ ಒಂದು ಪೆಟ್ಟು ಬೆರಳಿಗೆ ಸಿಗುತ್ತದೆ. ಒಂದು ಪೆಟ್ಟಿಗೆ ಒಂದೇ ಟಿಕ್ ಎಂದರೆ ಅದು ಕ್ಯಾಮ್ ವೇಗದ ಸದ್ದು.

ಕ್ಯಾಮ್ ವೇಗ ಬಂತೆಂದು ಟ್ಯಾಪೆಟ್ ಎಂದು ತೀರ್ಮಾನಿಸಬೇಡಿ. ಒಂದೇ ಸಿಲಿಂಡರ್‌ನ ಎಕ್ಸಾಸ್ಟ್ ಸೋರಿಕೆ, ನಾಝಲ್ ಸೀಟಿನ ಸೋರಿಕೆ, ನಾಝಲ್ ಬಡಿತ ಎಲ್ಲವೂ ಇದೇ ವೇಗದಲ್ಲಿ ಬರುತ್ತವೆ.

ಘಟಪ್ರಭಾ_ಗ್ಯಾರೇಜ್ (ಬಾಗಲಕೋಟೆ ಜಿಲ್ಲೆ)

ತಣ್ಣಗಿದ್ದಾಗ ಜೋರು, ಕಾಯ್ದ ಮ್ಯಾಲ ಕಡಿಮಿ, ಲೋಡ್ ಬಿದ್ರ ಮತ್ತ ಜೋರು. ಈ ಮೂರೂ ಕೂಡಿ ಬಂದ್ರ ನನ್ನ ಮೊದಲ ಅನುಮಾನ ಎಕ್ಸಾಸ್ಟ್ ಮ್ಯಾನಿಫೋಲ್ಡ್ (ಸಿಲಿಂಡರ್‌ಗಳ ಹೊಗಿ ಕೂಡಿಸೋ ಎರಕದ ಪೈಪ್) ಮ್ಯಾಲ. ಪ್ಯಾಕಿಂಗ್ ಸುಟ್ಟಿರ್ತೈತಿ, ಇಲ್ಲಾ ಅದನ್ನ ಹಿಡಿಯೋ ಸ್ಟಡ್ (ತಲಿ ಇಲ್ಲದ ಬೋಲ್ಟ್) ಮುರದಿರ್ತೈತಿ. ಕಬ್ಬಿಣ ಕಾಯ್ದು ಹಿಗ್ಗಿದ ಮ್ಯಾಲ ಸಂದು ಮುಚ್ಚತೈತಿ, ಸದ್ದು ಇಳೀತೈತಿ. ಬರೇ ಟ್ಯಾಪೆಟ್ ಸಡಿಲ ಆಗಿದ್ರ ಲೋಡ್ ಬಿದ್ದಾಗ ಸದ್ದಿನಾಗ ಅಂಥಾ ದೊಡ್ಡ ಫರಕ್ ಬರಂಗಿಲ್ಲ.

ನೋಡೋದು ಹಿಂಗ. ಎಂಜಿನ್ ತಣ್ಣಗಿರಬೇಕು. ಮ್ಯಾನಿಫೋಲ್ಡ್ ಹೆಡ್‌ಗೆ (ಸಿಲಿಂಡರ್ ಮ್ಯಾಲಿನ ಮುಚ್ಚಳ) ಕೂಡೋ ಜಾಗ ಮೊದಲ ಒರಸ್ರಿ. ನಮ್ಮ ಕಡೆ ಎರಿ ಮಣ್ಣಿನ ಧೂಳು ಆಯಿಲ್‌ಗೆ ಮೆತ್ತಿ ಎಲ್ಲಾ ಕರ್ರಗ ಕಾಣತೈತಿ, ಅದರಾಗ ಮಸಿ ಗುರುತು ಸಿಗಂಗಿಲ್ಲ. ಮಣ್ಣು ಜಿಡ್ಡಾಗಿರ್ತೈತಿ. ಎಕ್ಸಾಸ್ಟ್ ಮಸಿ ಒಣಾ ಇರ್ತೈತಿ, ಬೆರಳಿಗೆ ಹತ್ತಿದ್ರ ಕಾಡಿಗಿ ಹತ್ತಿದಂಗ. ಒರಸಿ, ಹತ್ತು ನಿಮಿಷ ಓಡಿಸಿ, ಮತ್ತ ನೋಡ್ರಿ. ಹೊಸಾ ಮಸಿ ಗೆರಿ ಎಲ್ಲಿ ಮೂಡತೈತೋ ಸೋರಿಕಿ ಅಲ್ಲೇ.

ಊದುಬತ್ತಿ ಹಿಡಿದು ನೋಡಬಹುದು, ಹೊಗಿ ಸೋರೋ ಜಾಗದಾಗ ಟಿಕ್ ಟಿಕ್ ಅಂತ ಅಲ್ಲಾಡತೈತಿ. ಡೀಸೆಲ್ ಸೋರಿ ಹಸಿ ಇದ್ದಲ್ಲಿ ಮಾತ್ರ ಬ್ಯಾಡ. ಅದಕ್ಕಿಂತ ಛಲೋದು ಪಂಕ್ಚರ್ ಅಂಗಡಿ ಗಾಳಿ. ಎಂಜಿನ್ ಬಂದ್ ಮಾಡಿ, ಸೈಲೆನ್ಸರ್ ಬಾಯಿಗೆ ಅರಿವಿ ಸುತ್ತಿ ಗಾಳಿ ಪೈಪ್ ಇಟ್ಟು, ಸಣ್ಣಗ ಗಾಳಿ ಬಿಡ್ರಿ. ಮ್ಯಾನಿಫೋಲ್ಡ್ ಸಂದಿಗೆ ಸಾಬೂನ್ ನೀರು ಹೊಡೀರಿ. ಗುಳ್ಳಿ ಸುಳ್ಳು ಹೇಳಂಗಿಲ್ಲ.

ಪಂಪ್_ನಾಝಲ್ (ವಿಜಯಪುರ)

ನಾಝಲ್ ಸೀಟನ್ನೂ ಬಿಡಬೇಡಿ. ನಾಝಲ್ ಕೆಳಗಿನ ತಾಮ್ರದ ವಾಷರ್ ಸೋತರೆ ಕಂಪ್ರೆಶನ್ ಗಾಳಿ ಮೇಲೆ ನುಗ್ಗಿ ಇದೇ ಥರ ಚಕ್ ಚಕ್ ಅನ್ನುತ್ತದೆ. ನಾಝಲ್ ಸುತ್ತ ಡಾಂಬರಿನಂಥ ಗಟ್ಟಿ ಕಪ್ಪು ಕಟ್ಟಿದ್ದರೆ ಅದೇ ಗುರುತು. ಐಡಲಿಂಗ್‌ನಲ್ಲಿ ಅಲ್ಲಿ ಸಾಬೂನು ನೀರು ಬಿಟ್ಟರೆ ಪ್ರತಿ ಬಡಿತಕ್ಕೂ ಗುಳ್ಳೆ ಏಳುತ್ತದೆ.

ಸಿಲಿಂಡರ್ ಯಾವುದೆಂದು ಹಿಡಿಯಲು ಒಂದೊಂದಾಗಿ ಬಂದ್ ಮಾಡಿ ನೋಡಿ. ಇದು ಹಳೆಯ ಮೆಕ್ಯಾನಿಕಲ್ ಪಂಪ್ ಗಾಡಿಗೆ ಮಾತ್ರ. ಕಾಮನ್ ರೈಲ್‌ನಲ್ಲಿ ಒತ್ತಡ 1,000 ಬಾರ್ ದಾಟುತ್ತದೆ, ಎಂಜಿನ್ ಓಡುವಾಗ ಅದರ ನಟ್ಟು ಸಡಿಲಿಸಿದರೆ ಡೀಸೆಲ್ ಚರ್ಮ ಸೀಳಿ ಒಳಗೆ ಹೋಗುತ್ತದೆ. ಅಂಥ ಗಾಡಿಗೆ ಸ್ಕ್ಯಾನರ್‌ನಿಂದಲೇ ಸಿಲಿಂಡರ್ ಬಂದ್ ಮಾಡಬೇಕು. ಮೆಕ್ಯಾನಿಕಲ್ ಪಂಪ್‌ನಲ್ಲೂ ಒತ್ತಡ ನೂರಾರು ಬಾರ್ ಇರುತ್ತದೆ, ಹಾಗಾಗಿ ಕನ್ನಡಕ, ಚರ್ಮದ ಕೈಗವಸು ಕಡ್ಡಾಯ.

ಐಡಲಿಂಗ್‌ನಲ್ಲಿ ಬಿಟ್ಟು, ನಾಝಲ್ ಕಡೆಯ ಪೈಪ್ ನಟ್ಟಿಗೆ ದಪ್ಪ ಬಟ್ಟೆ ಸುತ್ತಿ ಅರ್ಧ ಸುತ್ತು ಸಡಿಲಿಸಿ. ಹೆಚ್ಚಿನವುಗಳಿಗೆ 17ರ ಪಾನಾ. ಹತ್ತು ಸೆಕೆಂಡು ಕೇಳಿ, ಬಿಗಿ ಮಾಡಿ, ಮುಂದಿನದಕ್ಕೆ ಹೋಗಿ. ಡೀಸೆಲ್ ಬಿಸಿ ಮ್ಯಾನಿಫೋಲ್ಡ್ ಮೇಲೆ ತೊಟ್ಟಿಕ್ಕಬಾರದು. ಒಂದು ಸಿಲಿಂಡರ್ ಬಂದ್ ಮಾಡಿದಾಗ ಟಿಕ್ ಇಳಿದರೆ ಅದು ಉರಿಯುವ ಒತ್ತಡಕ್ಕೆ ಸಂಬಂಧಿಸಿದ್ದು: ಎಕ್ಸಾಸ್ಟ್ ಸೋರಿಕೆ, ನಾಝಲ್, ವಾಷರ್, ಅಥವಾ ಕೆಟ್ಟ ಸುದ್ದಿಯಾದರೆ ಪಿಸ್ಟನ್ ಪಿನ್, ಕನೆಕ್ಟಿಂಗ್ ರಾಡ್. ನಾಲ್ಕರಲ್ಲಿ ಯಾವುದನ್ನು ಬಂದ್ ಮಾಡಿದರೂ ಸದ್ದು ಹಾಗೇ ಇದ್ದರೆ ಟ್ಯಾಪೆಟ್, ರಾಕರ್, ಪುಶ್ ರಾಡ್, ಅಂದರೆ ಕ್ಯಾಮ್‌ನಿಂದ ವಾಲ್ವ್‌ವರೆಗಿನ ಭಾಗಗಳ ಕಡೆ ಹೋಗಿ.

ಮಲಪ್ರಭಾ_ಡೀಸೆಲ್ (ಸವದತ್ತಿ)

ಕೇಳೋಕ್ಕ ಎರಡು ಸಾಮಾನು ಇಟ್ಕೋರಿ. ಒಂದು ಉದ್ದನ್ನ ಸ್ಕ್ರೂಡ್ರೈವರ್, ಇನ್ನೊಂದು ಒಂದು ಮೀಟರ್ ರಬ್ಬರ್ ಪೈಪ್. ಲೋಹದ ಬಡತ ಸ್ಕ್ರೂಡ್ರೈವರ್‌ನಾಗ ಬರ್ತೈತಿ, ಗಾಳಿ ಸೋರೋದು ಪೈಪಿನಾಗ ಬರ್ತೈತಿ. ರಾಕರ್ ಕವರ್ ಮ್ಯಾಲ ಸ್ಕ್ರೂಡ್ರೈವರ್ ಇಟ್ರ ಮೆತ್ತಗ, ಮ್ಯಾನಿಫೋಲ್ಡ್ ಸಂದಿಗೆ ಪೈಪ್ ಹಿಡಿದ್ರ ಚಟ್ ಚಟ್ ಅಂತ ಜೋರ್ ಕೇಳಿದ್ರ ಉತ್ತರ ಸಿಕ್ಕಂಗ. ಫ್ಯಾನ್ ತಿರಗತಿರ್ತೈತಿ, ಹೆಗಲ ಮ್ಯಾಲಿನ ಟವೆಲ್ ತಗದಿಟ್ಟು ಬಗ್ಗರಿ.

ಇನ್ನೊಂದು. ಹಳೆ ಪಿಕಪ್ ಭಾಳ ಮಂದಿವುಕ್ಕ ಬ್ರೇಕಿನ ವ್ಯಾಕ್ಯೂಮ್ ಪಂಪ್ ಆಲ್ಟರ್ನೇಟರ್ ಬೆನ್ನಿಗೇ ಇರ್ತೈತಿ. ಅದರ ವೇನ್ ಸವದ್ರ ಥೇಟ್ ಟ್ಯಾಪೆಟ್ ಸದ್ದು. ಬೆಲ್ಟ್ ಬಿಚ್ಚಿ ಅರ್ಧ ನಿಮಿಷ ಎಂಜಿನ್ ಓಡಸ್ರಿ, ಸದ್ದು ಹೋದ್ರ ಬೆಲ್ಟಿನ ಕಡಿಂದ ಬರ್ತಿತ್ತು ಅಂತ ಅರ್ಥ. ಅರ್ಧ ನಿಮಿಷ ಅಂದ್ರ ಅರ್ಧ ನಿಮಿಷ, ಆಗ ವಾಟರ್ ಪಂಪೂ ನಿಂತಿರ್ತೈತಿ, ಬ್ರೇಕಿಗೆ ವ್ಯಾಕ್ಯೂಮೂ ಇರಂಗಿಲ್ಲ. ಗಾಡಿ ಜಾಗ ಬಿಟ್ಟು ಕದಲಬಾರದು. ಕ್ಲಚ್ ಒತ್ತಿದಾಗ ಸದ್ದು ಬದಲಾದ್ರ ಎಂಜಿನ್ ಬಿಡ್ರಿ, ಕ್ಲಚ್ ಬೇರಿಂಗ್, ಗೇರ್‌ಬಾಕ್ಸ್ ನೋಡ್ರಿ.

ಇಂಡಿ_ಲಿಂಬಿ

ಎಲ್ಲಾ ನೋಡಿದ್ವಿ. ಕಾಲು ಪಟ್ಟು ವೇಗದಾಗ ಹತ್ತು ಸೆಕೆಂಡಿಗೆ 17 ಜೋರ್ ಬಡತ, ನಡುನಡುವ ಸಣ್ಣವೂ ಅವ. ಬೆಲ್ಟ್ ಬಿಚ್ಚಿದ್ರ ಫರಕ್ ಇಲ್ಲ, ಕ್ಲಚ್ ಒತ್ತಿದ್ರೂ ಇಲ್ಲ. 4ನೇ ಸಿಲಿಂಡರ್ ಬಂದ್ ಮಾಡಿದ್ರ ಜೋರ್ ಸದ್ದು ಹೋಯ್ತು, ಸಣ್ಣ ಟಿಕ್ ಉಳೀತು. ಆ ಸಣ್ಣದು ಯಾವ ಸಿಲಿಂಡರ್ ಬಂದ್ ಮಾಡಿದ್ರೂ ಹೋಗಂಗಿಲ್ಲ. ಮ್ಯಾನಿಫೋಲ್ಡಿನ 4ನೇ ಪೋರ್ಟ್ ಕೆಳಗ ಮಸಿ ಗೆರಿ ಅದ, ಕೊನೀ ಸ್ಟಡ್ಡಿನ ನಟ್ಟೇ ಇಲ್ಲ, ಸ್ಟಡ್ ಹೆಡ್ಡಿನ ಮಟ್ಟಕ್ಕ ಮುರದದ. ನಾಝಲ್ ಸುತ್ತ ಒಣಾ ಅದ.

ಉದ್ಯಮಬಾಗ್_ಬೋರಿಂಗ್

ಹಾಗಾದರೆ ಸದ್ದು ಎರಡು. ದೊಡ್ಡದು 4ರ ಎಕ್ಸಾಸ್ಟ್ ಸೋರಿಕೆ, ಸಣ್ಣದು ಟ್ಯಾಪೆಟ್ ಕಡೆಯದು. ಮೊದಲು ಮ್ಯಾನಿಫೋಲ್ಡ್ ಮುಗಿಸಿ, ದೊಡ್ಡ ಸದ್ದು ಇರುವಾಗ ಸಣ್ಣದರ ಪರೀಕ್ಷೆ ಸರಿಯಾಗಿ ಆಗುವುದಿಲ್ಲ.

ಕೊನೆಯ ಸ್ಟಡ್ಡೇ ಏಕೆ ಮುರಿಯುತ್ತದೆ ಎಂಬುದು ತಿಳಿದರೆ ಕೆಲಸ ಸರಿಯಾಗುತ್ತದೆ. 40 ಸೆಂ.ಮೀ. ಉದ್ದದ ಎರಕದ ಕಬ್ಬಿಣದ ಮ್ಯಾನಿಫೋಲ್ಡ್ 400 ಡಿಗ್ರಿ ಬಿಸಿ ಏರಿದರೆ ಸುಮಾರು ಒಂದೂಮುಕ್ಕಾಲು ಮಿ.ಮೀ. ಉದ್ದ ಹಿಗ್ಗುತ್ತದೆ. ಹೆಡ್ಡು ನೀರಿನಿಂದ ತಣಿಯುವುದರಿಂದ ಕಾಲು ಮಿ.ಮೀ. ಆಸುಪಾಸು ಮಾತ್ರ. ಈ ಎಳೆದಾಟವೆಲ್ಲ ಎರಡು ತುದಿಯ ಸ್ಟಡ್‌ಗಳ ಮೇಲೆ ಬೀಳುತ್ತದೆ. ಅದಕ್ಕೇ ತುದಿಯ ತೂತುಗಳನ್ನು ಸ್ವಲ್ಪ ದೊಡ್ಡದಾಗಿ ಬಿಟ್ಟಿರುತ್ತಾರೆ. ಅಲ್ಲಿ ಮಸಿ, ತುಕ್ಕು ಗಟ್ಟಿಯಾಗಿ ತುಂಬಿಕೊಂಡರೆ ಜರುಗಲು ಜಾಗ ಸಿಗದೆ ಸ್ಟಡ್ ಮುರಿಯುತ್ತದೆ. ವಂಟಮೂರಿ ಘಾಟ್ ಹತ್ತಿ ಬಂದ ಬಿಸಿ ಎಂಜಿನ್‌ಗೆ ಪ್ರೆಶರ್ ನೀರು ಹೊಡೆಸಿದರೆ ಮ್ಯಾನಿಫೋಲ್ಡೇ ಸೀಳಬಹುದು. ದಯವಿಟ್ಟು ತಣ್ಣಗಾದ ಮೇಲೆಯೇ ತೊಳೆಸಿ.

ಉಳಿದ ನಟ್ಟುಗಳಿಗೆ ಹಿಂದಿನ ರಾತ್ರಿಯೇ ತುಕ್ಕು ಬಿಡಿಸುವ ಎಣ್ಣೆ ಬಿಡಿ. ಬಿಚ್ಚುವಾಗ ಒಂದೇ ಸಮ ಎಳೆಯಬೇಡಿ. ಕಾಲು ಸುತ್ತು ಬಿಚ್ಚಿ, ಮತ್ತೆ ಸ್ವಲ್ಪ ಬಿಗಿ ಮಾಡಿ, ಮತ್ತೆ ಬಿಚ್ಚಿ. ಹೆಡ್ಡಿನ ಮಟ್ಟಕ್ಕೆ ಮುರಿದ ಸ್ಟಡ್ ಮೇಲೆ ನಟ್ಟು ಇಟ್ಟು, ಅದರ ಒಳಗೆ ವೆಲ್ಡಿಂಗ್ ತುಂಬಿ, ಕೆಂಪು ಆರಿದ ಮೇಲೆ ನಿಧಾನ ತಿರುಗಿಸಿದರೆ ಬಹುತೇಕ ಬರುತ್ತದೆ, ವೆಲ್ಡಿಂಗ್ ಬಿಸಿಯೇ ತುಕ್ಕನ್ನು ಬಿಡಿಸಿರುತ್ತದೆ. ವೆಲ್ಡಿಂಗ್‌ಗೆ ಮುಂಚೆ ಬ್ಯಾಟರಿ ಮತ್ತು ಆಲ್ಟರ್ನೇಟರ್ ವೈರ್ ಕಳಚಿ, ಇಲ್ಲದಿದ್ದರೆ ಡಯೋಡ್ ಸುಡುತ್ತದೆ. ಡ್ರಿಲ್ ಹಾಕಲೇಬೇಕಾದರೆ ನಡುಮಧ್ಯಕ್ಕೆ ಪಂಚ್ ಬಿದ್ದಿರಬೇಕು. ಡ್ರಿಲ್ ಓರೆಯಾಗಿ ಹೆಡ್ಡಿಗೆ ಇಳಿದರೆ ಹೆಡ್ಡನ್ನೇ ಬಿಚ್ಚಿ ತರಬೇಕಾಗುತ್ತದೆ.

ಮ್ಯಾನಿಫೋಲ್ಡ್ ಮುಖದ ಮೇಲೆ ನೇರ ಪಟ್ಟಿ ಇಟ್ಟು ಫೀಲರ್ (ಸಂದಿ ಅಳೆಯುವ ತೆಳು ಎಲೆ) ಹಾಕಿ. 0.20 ಮಿ.ಮೀ. ಒಳಗೆ ಹೋದರೆ ಮುಖ ಮಶಿನಿಂಗ್ ಮಾಡಿಸಿ. ಬೆಂಡಾದ ಮ್ಯಾನಿಫೋಲ್ಡಿಗೆ ಎರಡು ಪ್ಯಾಕಿಂಗ್ ಹಾಕಿ ಬಿಗಿಯುವುದು ಹಣ ಕಳೆಯುವ ಕೆಲಸ, ಅದು ಮತ್ತೆ ಸ್ಟಡ್ ಮುರಿಯುತ್ತದೆ. ಸಿಲಿಕೋನ್ ಬೇಡ, ಆ ಬಿಸಿಗೆ ನಿಲ್ಲುವುದಿಲ್ಲ. ತುದಿಯ ತೂತುಗಳ ತುಕ್ಕು ಕೆರೆದು ತೆಗೆಯಿರಿ. ಒಂದು ಮುರಿದಿದ್ದರೂ ಎಲ್ಲ ಸ್ಟಡ್, ನಟ್ಟು ಹೊಸದು ಹಾಕಿ. ಬಿಗಿ ಮಾಡುವುದು ನಡುವಿನಿಂದ ತುದಿಗೆ, ಎರಡು ಮೂರು ಸುತ್ತಿನಲ್ಲಿ. ನಿಮ್ಮ ಎಂಜಿನ್ ಕೈಪಿಡಿಯ ಟಾರ್ಕ್ (ಬಿಗಿಯ ಅಳತೆ) ಮೊದಲು. ಅದು ಸಿಗದಿದ್ದರೆ 8 ಮಿ.ಮೀ. ಸ್ಟಡ್‌ಗೆ 20ರಿಂದ 25 ನ್ಯೂಟನ್ ಮೀಟರ್ ದಾಟಬೇಡಿ. ಟರ್ಬೊ ಕೆಳಗೆ ಆಧಾರದ ಪಟ್ಟಿ ಇದ್ದರೆ ತಪ್ಪದೆ ಹಾಕಿ, ಅದಿಲ್ಲದಿದ್ದರೆ ಟರ್ಬೊ ತೂಕ ಪೂರ್ತಿ ಸ್ಟಡ್ ಮೇಲೆ ಬೀಳುತ್ತದೆ.

ಕಬ್ಬಿನ_ಲೋಡ್ (ಮುಧೋಳ)

ಸಣ್ಣ ಟಿಕ್‌ಗೆ ಟ್ಯಾಪೆಟ್ ಒಂದೆರಡು ನೂಲು ಟೈಟ್ ಮಾಡಿ ಬಿಟ್ರ ಆತಲ್ರೀ. ನಮ್ಮ ಕಡೆ ಎಲ್ಲಾರೂ ಹಂಗ ಮಾಡ್ತಾರ, ಗಾಡಿ ಸುಮ್ಮನ ಓಡತಾವ.

ಘಟಪ್ರಭಾ_ಗ್ಯಾರೇಜ್

ಇದನ್ನ ಮಾತ್ರ ಯಾರೂ ಮಾಡಬ್ಯಾಡ್ರಿ, ಕೈ ಮುಗಿದು ಹೇಳ್ತೀನಿ. ಸದ್ದು ಮಾಡೋ ಟ್ಯಾಪೆಟ್ ನಿಮಗ ಕಿರಿಕಿರಿ ಮಾಡತೈತಿ. ಟೈಟ್ ಆದ ಟ್ಯಾಪೆಟ್ ಸದ್ದಿಲ್ಲದ ಹೆಡ್ಡು ತಿಂತೈತಿ. ಎಕ್ಸಾಸ್ಟ್ ವಾಲ್ವ್ ತನ್ನ ಬಿಸಿನ ಹೆಚ್ಚಿನ ಪಾಲು ಸೀಟಿನ ಮ್ಯಾಲ ಕುಂತಾಗ ಹೆಡ್ಡಿಗೆ ದಾಟಸತೈತಿ. ಎಂಜಿನ್ ಕಾಯ್ದು ವಾಲ್ವ್ ಉದ್ದ ಆದಾಗ ಗ್ಯಾಪ್ ಸೊನ್ನಿ ಆತಂದ್ರ ವಾಲ್ವ್ ಪೂರ್ತಿ ಕುಂದ್ರಂಗಿಲ್ಲ. ಬಿಸಿ ಹೋಗಂಗಿಲ್ಲ, ಸಂದಿನಾಗ ಬೆಂಕಿ ಹಾಯ್ದು ಅಂಚು ಸುಡತೈತಿ. ಆಮ್ಯಾಲ ಮುಂಜಾನೆ ಸ್ಟಾರ್ಟ್ ಆಗಂಗಿಲ್ಲ, ಬಿಳಿ ಹೊಗಿ, ಏರಿನಾಗ ದಮ್ ಇಲ್ಲ. ನಮ್ಮ ಬ್ಯಾಸಿಗಿ 40 ಡಿಗ್ರಿ ದಾಟತೈತಿ, ಮ್ಯಾಲ ಓವರ್‌ಲೋಡ್. ಇಲ್ಲಿ ಆ ಗ್ಯಾಪ್ ಬೇಕೇ ಬೇಕು.

ಮಾಡೋ ರೀತಿ ಇದು. ಎಂಜಿನ್ ತಣ್ಣಗಿರಲಿ (ಕೈಪಿಡಿಯಾಗ ಬಿಸಿ ಅಂತ ಇದ್ರ ಬಿಸಿಯಾಗ). ನ್ಯೂಟ್ರಲ್ ಮಾಡಿ, ಸ್ಟಾಪ್ ಸೊಲೆನಾಯ್ಡ್ (ಡೀಸೆಲ್ ಬಂದ್ ಮಾಡೋ ಸ್ವಿಚ್) ವೈರ್ ಕಳಚಿ, ಕ್ರ್ಯಾಂಕ್ ಪುಲ್ಲಿ ನಟ್ಟಿಗೆ ಸಾಕೆಟ್ ಹಾಕಿ ಎಂಜಿನ್ ತಿರಗೋ ದಿಕ್ಕಿಗೇ ತಿರಗಸ್ರಿ. ಫೈರಿಂಗ್ ಆರ್ಡರ್ (ಸಿಲಿಂಡರ್ ಉರಿಯೋ ಸರದಿ) 1-3-4-2 ಇರೋ ಎಂಜಿನ್‌ಗೆ: 4ರ ಎರಡೂ ವಾಲ್ವ್ ತೂಗುವಾಗ, ಅಂದ್ರ ಎಕ್ಸಾಸ್ಟ್ ಮುಚ್ಚಿ ಇನ್‌ಲೆಟ್ ತೆರೆಯೋ ಹೊತ್ತಿನಾಗ, 1ರ ಟ್ಯಾಪೆಟ್ ನೋಡಬೇಕು. ಅರ್ಧ ಸುತ್ತು ತಿರಗಿಸಿದ್ರ 2ರವು ತೂಗತಾವ, ಆಗ 3. ಮುಂದಿನ ಅರ್ಧ ಸುತ್ತಿಗೆ 1ರವು ತೂಗುವಾಗ 4. ಕಡೀಕ 3ರವು ತೂಗುವಾಗ 2.

ಮೊದಲ ಸುತ್ತಿನಾಗ ಟ್ಯಾಪೆಟ್ ಸ್ಕ್ರೂ ತಿರಗಸಬ್ಯಾಡ್ರಿ. ಎಂಟೂ ಗ್ಯಾಪ್ ಅಳದು ಹಾಳ್ಯಾಗ ಬರೀರಿ. ಆ ಹಾಳಿನೇ ಎಂಜಿನ್ ಒಳಗಿನ ಕಥಿ ಹೇಳತೈತಿ. ಗ್ಯಾಪ್ ಎಷ್ಟಿರಬೇಕು ಅನ್ನೋದು ನಿಮ್ಮ ಎಂಜಿನ್ ಕೈಪಿಡಿ, ಇಲ್ಲಾ ರಾಕರ್ ಕವರ್ ಸ್ಟಿಕರ್ ನೋಡಿ ಹಾಕ್ರಿ, ಬಾಯಿಮಾತಿನ ಅಳತಿ ಬ್ಯಾಡ. ಇನ್‌ಲೆಟ್‌ಗೂ ಎಕ್ಸಾಸ್ಟ್‌ಗೂ ಬ್ಯಾರೆ ಬ್ಯಾರೆ ಇರಬಹುದು. ಲಾಕ್ ನಟ್ ಬಿಗಿ ಮಾಡುವಾಗ ಸ್ಕ್ರೂ ಜರಗತೈತಿ, ಬಿಗಿ ಮಾಡಿದ ಮ್ಯಾಲ ಮತ್ತ ಅಳೀರಿ. ಹೇಳಿದ ಗ್ಯಾಪಿಗಿಂತ 0.05 ಮಿ.ಮೀ. ಸಣ್ಣ ಫೀಲರ್ ಎಲಿ ಸಲೀಸ ಹೋಗಬೇಕು, 0.05 ದೊಡ್ಡದು ಹೋಗಬಾರದು.

ಸ್ಕ್ರೂ ಇಲ್ಲದ ಹೈಡ್ರಾಲಿಕ್ ಟ್ಯಾಪೆಟ್ ಇದ್ರ ಇದ್ಯಾವುದೂ ಲಾಗೂ ಆಗಂಗಿಲ್ಲ. ಅಲ್ಲಿ ಸದ್ದು ಬಂದ್ರ ಆಯಿಲ್ ಒತ್ತಡ, ಆಯಿಲ್ ಹೊಲಸು ನೋಡಬೇಕು.

ಉದ್ಯಮಬಾಗ್_ಬೋರಿಂಗ್

ಒಂದು ಸೇರಿಸುತ್ತೇನೆ. ಎರಡು ಲಕ್ಷ ದಾಟಿದ ಗಾಡಿಯ ರಾಕರ್ ಮೂತಿಯಲ್ಲಿ ವಾಲ್ವ್ ತುದಿ ಬಡಿದು ಸಣ್ಣ ಗುಳಿ ಬಿದ್ದಿರುತ್ತದೆ. ಫೀಲರ್ ಎಲೆ ಅಗಲವಾದ್ದರಿಂದ ಗುಳಿಯ ಅಂಚಿನ ಮೇಲೆ ಕೂರುತ್ತದೆ, ಒಳಗೆ ಇಳಿಯುವುದಿಲ್ಲ. ಫೀಲರ್ ಗ್ಯಾಪ್ ಸರಿ ಎನ್ನುತ್ತದೆ, ನಿಜವಾದ ಗ್ಯಾಪ್ ಅದಕ್ಕಿಂತ ಗುಳಿಯ ಆಳದಷ್ಟು ಹೆಚ್ಚು. ಎಷ್ಟು ಸಲ ಸೆಟ್ ಮಾಡಿದರೂ ಟಿಕ್ ಹೋಗದ ಗಾಡಿಗಳಲ್ಲಿ ಇದನ್ನು ಮೊದಲು ನೋಡಿ. ರಾಕರ್ ಮೇಲೆ ಡಯಲ್ ಗೇಜ್ (ಸಣ್ಣ ಚಲನೆಯನ್ನು ಮುಳ್ಳಿನಲ್ಲಿ ತೋರಿಸುವ ಅಳತೆ ಸಾಧನ) ಇಟ್ಟು ಕೈಯಲ್ಲಿ ಅಲ್ಲಾಡಿಸಿದರೆ ನಿಜ ಅಳತೆ ಸಿಗುತ್ತದೆ. ತೆಳು ಗುಳಿಯಾದರೆ ಮೂತಿಯನ್ನು ಅದೇ ದುಂಡಿಗೆ ಗ್ರೈಂಡ್ ಮಾಡಬಹುದು, ಗಟ್ಟಿ ಪದರ ಸವೆದಿದ್ದರೆ ರಾಕರ್ ಬದಲಿಸಿ.

ಕಬ್ಬಿನ_ಲೋಡ್

ಟೈಟ್ ಮಾಡೋದು ಬ್ಯಾಡಂತ ತಿಳೀತು. ದಪ್ಪ ಆಯಿಲ್ ಹಾಕಿದ್ರ? 20ಡಬ್ಲ್ಯೂ-50 ಹಾಕಿದ್ರ ಸದ್ದು ಕಡಿಮಿ ಆಗತೈತಿ ಅಂತಾರ.

ಮಲಪ್ರಭಾ_ಡೀಸೆಲ್

ಸದ್ದು ಮುಚ್ಚತೈತಿ, ರೋಗ ಮುಚ್ಚಂಗಿಲ್ಲ. ಕೈಪಿಡಿಯಾಗ 15ಡಬ್ಲ್ಯೂ-40 ಇದ್ರ ಅದನ್ನೇ ಹಾಕ್ರಿ. ಮುಂಜಾನೆ ದಪ್ಪ ಆಯಿಲ್ ರಾಕರ್ ತನಕ ಏರೋದು ತಡ ಆಗತೈತಿ. ಅನುಮಾನ ಇದ್ರ ಆಯಿಲ್ ಸ್ವಿಚ್ ಬಿಚ್ಚಿ ಅಲ್ಲಿ ಮೆಕ್ಯಾನಿಕಲ್ ಗೇಜ್ ಹಾಕ್ರಿ. ಕಾಯ್ದ ಎಂಜಿನ್‌ನಾಗ ಐಡಲಿಂಗ್‌ಗೆ ಒಂದು ಬಾರ್ ಹತ್ತಿರ, 2,000 ದಾಟಿದಾಗ ಮೂರು ಬಾರ್ ಹತ್ತಿರ ಬಂದ್ರ ಸಾಮಾನ್ಯವಾಗಿ ಚಿಂತಿ ಇಲ್ಲ. ದೀಪ ನಂಬಬ್ಯಾಡ್ರಿ, ಒತ್ತಡ ಪೂರ್ತಿ ಬಿದ್ದ ಮ್ಯಾಲ ಅದು ಹತ್ತತೈತಿ. ಡಿಪ್‌ಸ್ಟಿಕ್‌ನಾಗ ಲೆವೆಲ್ ತಾನಾಗೇ ಏರಿದ್ರ, ಡೀಸೆಲ್ ವಾಸನಿ ಬಂದ್ರ, ಫೀಡ್ ಪಂಪ್ ಡಯಾಫ್ರಾಮ್ ಇಲ್ಲಾ ಇಂಜೆಕ್ಷನ್ ಪಂಪ್ ಸೀಲ್ ಒಳಗ ಸೋರತೈತಿ. ಮೊದಲ ಅದನ್ನ ಸರಿ ಮಾಡಿ ಆಯಿಲ್ ಬದಲಿ ಮಾಡ್ರಿ.

ಸದ್ದು ಟಿಕ್ ಬಿಟ್ಟು ಆಳವಾಗಿ ಟಕ್ ಟಕ್ ಅಂತ ಕೆಳಗಿನ ಆಯಿಲ್ ಚೇಂಬರ್ ಕಡಿಂದ ಬಂದು, ಲೋಡಿಗೆ ಏರಿ, ಆಯಿಲ್ ಒತ್ತಡನೂ ಇಳದಿದ್ರ ಅದು ಬೇರಿಂಗ್. ಅಲ್ಲೇ ಬಂದ್ ಮಾಡಿ ಎಳಿಸಿಕೊಂಡು ಹೋಗ್ರಿ. ಹಂಗ ಓಡಿಸಿದ್ರ ಕ್ರ್ಯಾಂಕ್ ಗ್ರೈಂಡಿಂಗ್‌ನಾಗ ಮುಗಿಯೋ ಕೆಲಸ ಬ್ಲಾಕ್ ತನಕ ಹೋಗತೈತಿ.

ಇಂಡಿ_ಲಿಂಬಿ

ಮ್ಯಾನಿಫೋಲ್ಡ್ ಆಯ್ತು, ಮುಖ 0.30 ಬೆಂಡ್ ಇತ್ತು, ಮಶಿನಿಂಗ್ ಮಾಡ್ಸಿ ಸ್ಟಡ್ ಎಲ್ಲಾ ಹೊಸಾವು ಹಾಕಿದ್ವಿ. ಜೋರ್ ಸದ್ದು ಪೂರ್ತಿ ಹೋಯ್ತು. ಟ್ಯಾಪೆಟ್ ಅಳತಿ ಬರದೀವಿ: ಆರು ವಾಲ್ವ್ ಕೈಪಿಡಿಗೆ 0.05 ಒಳಗ ಅವ. 3ರ ಎಕ್ಸಾಸ್ಟ್ 0.20 ಹೆಚ್ಚದ. 2ರ ಎಕ್ಸಾಸ್ಟ್ 0.10 ಕಡಿಮಿ ಅದ. ಸದ್ದು ಮಾಡೋದು 3 ಅಂತ ತಿಳೀತು. 2 ಸುಮ್ಮನ ಅದ, ಬಿಡಬಹುದಾ?

ಉದ್ಯಮಬಾಗ್_ಬೋರಿಂಗ್

ನನಗೆ 3ಕ್ಕಿಂತ 2ರ ಚಿಂತೆ ಹೆಚ್ಚು. ಗ್ಯಾಪ್ ತಾನಾಗಿ ಹೆಚ್ಚಾದರೆ ರಾಕರ್, ಪುಶ್ ರಾಡ್, ಟ್ಯಾಪೆಟ್, ಕ್ಯಾಮ್ ಇವುಗಳಲ್ಲಿ ಯಾವುದೋ ಸವೆದಿದೆ, ಇಲ್ಲವೇ ಲಾಕ್ ನಟ್ ಸಡಿಲಿದೆ. ಗ್ಯಾಪ್ ಕಡಿಮೆಯಾದರೆ ವಾಲ್ವ್ ಸೀಟಿನೊಳಗೆ ಇಳಿಯುತ್ತಿದೆ ಎಂದರ್ಥ, ಇಲ್ಲವೇ ಹಿಂದೆ ಯಾರೋ ಟೈಟ್ ಮಾಡಿದ್ದಾರೆ.

3ರ ಪುಶ್ ರಾಡ್ ತೆಗೆದು ಗಾಜಿನ ಮೇಲೆ ಉರುಳಿಸಿ, ಬೆಂಡ್ ಇದ್ದರೆ ಕುಣಿಯುತ್ತದೆ. ರಾಕರ್ ಮೂತಿ ನೋಡಿ. ಎರಡೂ ಸರಿ ಇದ್ದರೆ ಡಯಲ್ ಗೇಜ್ ಇಟ್ಟು ನಾಲ್ಕೂ ಎಕ್ಸಾಸ್ಟ್ ವಾಲ್ವ್ ಎಷ್ಟು ಏಳುತ್ತವೆ ಅಳೆಯಿರಿ. ಗ್ಯಾಪ್ ಸರಿ ಮಾಡಿದ ಮೇಲೂ 3 ಮಾತ್ರ ಕಡಿಮೆ ಎದ್ದರೆ ಕ್ಯಾಮ್ ಸವೆದಿದೆ.

2ಕ್ಕೆ ಈಗ ಸರಿ ಗ್ಯಾಪ್ ಕೊಟ್ಟು ಕಂಪ್ರೆಶನ್ ಪರೀಕ್ಷೆ ಮಾಡಿಸಿ. ಒಂದೊಂದರ ಅಂಕಿಗಿಂತ ನಾಲ್ಕರ ನಡುವಿನ ವ್ಯತ್ಯಾಸ ಮುಖ್ಯ. 2 ಮಾತ್ರ ಮೂರ್ನಾಲ್ಕು ಬಾರ್ ಹಿಂದೆ ಬಿದ್ದಿದ್ದರೆ ವಾಲ್ವ್ ಸುಡಲು ಶುರುವಾಗಿದೆ, ಹೆಡ್ಡು ಬಿಚ್ಚಿ ಸೀಟ್ ಮಾಡಿಸಿ. ಸಮ ಇದ್ದರೆ ಓಡಿಸಿ, 5,000 ಕಿ.ಮೀ.ಗೆ ಮತ್ತೆ ಅಳೆಯಿರಿ. ಅಷ್ಟರಲ್ಲಿ ಗ್ಯಾಪ್ ಮತ್ತೆ ಮುಚ್ಚಿದ್ದರೆ ಸೀಟ್ ಇಳಿಯುತ್ತಿರುವುದು ಖಾತ್ರಿ. ಮ್ಯಾನಿಫೋಲ್ಡ್ ನಟ್ಟುಗಳನ್ನು ಮಾತ್ರ ಅಷ್ಟು ಕಾಯಬೇಡಿ. 500 ಕಿ.ಮೀ. ಆದ ಮೇಲೆ ಎಂಜಿನ್ ತಣ್ಣಗಿದ್ದಾಗ ಅದೇ ಟಾರ್ಕ್‌ಗೆ ಒಮ್ಮೆ ನೋಡಿ, ಹೊಸ ಪ್ಯಾಕಿಂಗ್ ಮೊದಲ ಬಿಸಿಗೆ ಸ್ವಲ್ಪ ಕೂರುತ್ತದೆ.